ನ್ಯೂಟ್ರಲ್‌ನಲ್ಲೇ ಕೂಗುವ ಹಳೇ ಗೇರ್ ಬಾಕ್ಸ್, 4ನೇ ಗೇರಲ್ಲಿ ಮಾತ್ರ ಸದ್ದಿಲ್ಲ. ಯಾವ ಬೇರಿಂಗ್?

ಹಳೇಜೀಪು:

ಹಿಂದಿನ ಚಕ್ರಕ್ಕೆ ಡ್ರೈವ್ ಇರುವ ಡೀಸೆಲ್ ಗಾಡಿ, 20 ವರ್ಷ ದಾಟಿದೆ. 5 ಸ್ಪೀಡ್ ಮ್ಯಾನುಯಲ್, ಇಂಜಿನ್ ಹಿಂದೆ ಉದ್ದಕ್ಕೆ ಕೂತ ಗೇರ್ ಬಾಕ್ಸ್.

ಗಾಡಿ ನಿಂತಿದ್ದು ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಿದ್ದರೆ ಸಣ್ಣಗೆ ಗರಗರ ಸದ್ದು. ಕ್ಲಚ್ ಪೂರ್ತಿ ತುಳಿದರೆ ಒಂದೆರಡು ಸೆಕೆಂಡಲ್ಲಿ ನಿಲ್ಲುತ್ತದೆ. ಓಡುವಾಗ 1, 2, 3ರಲ್ಲಿ ಲೋಡ್ ಬಿದ್ದ ತಕ್ಷಣ ಕುಂಯ್ ಅಂತ ಕೂಗು. 3ರಲ್ಲಿ 2,400–2,600 ಆರ್‌ಪಿಎಂ ನಡುವೆ ಅತಿ ಜೋರು. 4ಕ್ಕೆ ಹಾಕಿದರೆ ಹೆಚ್ಚೂಕಮ್ಮಿ ಮಾಯ, 5ಕ್ಕೆ ಹಾಕಿದರೆ ಮತ್ತೆ ಹಾಜರ್. ಆಕ್ಸಿಲರೇಟರ್ ಬಿಟ್ಟಾಗ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಗೇರ್ ಜಾರಿ ನ್ಯೂಟ್ರಲ್‌ಗೆ ಬರುವ ತೊಂದರೆ ಇಲ್ಲ. ಬೆಳಿಗ್ಗೆ ತಣ್ಣಗಿರುವಾಗ 2ನೇ ಗೇರ್ ಸ್ವಲ್ಪ ಗಟ್ಟಿ.

ಒಳಗಿರುವುದು 80ಡಬ್ಲ್ಯೂ-90 ಜಿಎಲ್-5 ಆಯಿಲ್. ಒಬ್ಬ ಮೆಕ್ಯಾನಿಕ್ ಡಿಫರೆನ್ಷಿಯಲ್ ಕ್ರೌನ್-ಪಿನಿಯನ್ (ಹಿಂದಿನ ಆಕ್ಸಲ್‌ನಲ್ಲಿ ಶಕ್ತಿಯನ್ನು ಚಕ್ರಗಳ ಕಡೆ ತಿರುಗಿಸುವ ಗೇರ್ ಜೋಡಿ) ಹೋಗಿದೆ ಅಂತಾರೆ, ಇನ್ನೊಬ್ಬರು ಇಡೀ ಬಾಕ್ಸ್ ಬದಲಿಸಿ ಅಂತಾರೆ, ಮತ್ತೊಬ್ಬರು ಇನ್ನೂ ದಪ್ಪದ 140 ಆಯಿಲ್ ಸುರಿದು ಓಡಿಸಿ ಅಂತಾರೆ. ಬಾಕ್ಸ್ ಇಳಿಸುವ ಮೊದಲು ಯಾವ ಭಾಗ ಅಂತ ಖಚಿತ ಮಾಡಿಕೊಳ್ಳಲು ದಾರಿ ಇದೆಯಾ? ಹೀಗೇ ಓಡಿಸಿದರೆ ಏನಾಗುತ್ತದೆ?

ಲೇಶಾಫ್ಟ್:

ನೀವು ಬರೆದಿರುವುದರಲ್ಲೇ ಮುಕ್ಕಾಲು ಉತ್ತರ ಇದೆ.

ಮೊದಲು ಡಿಫರೆನ್ಷಿಯಲ್ ವಿಷಯ ಮುಗಿಸೋಣ. ಗಾಡಿ ನಿಂತಾಗ ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ತಿರುಗುವುದೇ ಇಲ್ಲ. ಹಾಗಿದ್ದೂ ಸದ್ದು ಬರುತ್ತಿದೆ ಅಂದರೆ ಆ ಸದ್ದಿಗೂ ಕ್ರೌನ್-ಪಿನಿಯನ್‌ಗೂ ಸಂಬಂಧವಿಲ್ಲ. ಡಿಫರೆನ್ಷಿಯಲ್ ಕೂಗು ಗಾಡಿಯ ವೇಗವನ್ನು ಹಿಂಬಾಲಿಸುತ್ತದೆ. ಒಂದೇ ವೇಗದಲ್ಲಿ 3ರಲ್ಲಿ ಹೋದರೂ 4ರಲ್ಲಿ ಹೋದರೂ ಅದೇ ಸ್ವರ ಇರುತ್ತದೆ. ನಿಮ್ಮದು 4ರಲ್ಲಿ ಮಾಯವಾಗುತ್ತಿದೆ.

ಈಗ 4ನೇ ಗೇರಿನ ಗುಟ್ಟು. ಉದ್ದಕ್ಕೆ ಕೂರುವ ಹಳೇ 5 ಸ್ಪೀಡ್ ಬಾಕ್ಸ್‌ಗಳಲ್ಲಿ ಹೆಚ್ಚಿನವಕ್ಕೆ 4 ಅಂದರೆ ಡೈರೆಕ್ಟ್, 1:1. ಇಂಜಿನ್ ಕಡೆಯ ಇನ್‌ಪುಟ್ ಶಾಫ್ಟನ್ನು ನೇರವಾಗಿ ಚಕ್ರದ ಕಡೆಯ ಮೇನ್ ಶಾಫ್ಟ್‌ಗೆ ಲಾಕ್ ಮಾಡುತ್ತದೆ. ಅವುಗಳ ಕೆಳಗೆ ಸಮಾನಾಂತರವಾಗಿ ಕೂತ ಲೇಶಾಫ್ಟ್ ಆಗಲೂ ತಿರುಗುತ್ತಿರುತ್ತದೆ, ಆದರೆ ಅದರ ಮೂಲಕ ಶಕ್ತಿ ಹರಿಯುವುದಿಲ್ಲ. ಮಿಕ್ಕ ಎಲ್ಲ ಗೇರಿನಲ್ಲೂ ಶಕ್ತಿ ಇನ್‌ಪುಟ್ ಗೇರಿನಿಂದ ಲೇಶಾಫ್ಟ್‌ಗೆ ಇಳಿದು, ಅಲ್ಲಿಂದ ಮೇನ್ ಶಾಫ್ಟ್‌ಗೆ ಏರುತ್ತದೆ. ಹಾಗಾಗಿ 4 ಬಿಟ್ಟು ಎಲ್ಲದರಲ್ಲೂ ಕೂಗು ಅಂದರೆ ಅನುಮಾನ ಇರುವುದು ನಾಲ್ಕೇ ಕಡೆ: ಇನ್‌ಪುಟ್ ಶಾಫ್ಟ್ ಬೇರಿಂಗ್, ಲೇಶಾಫ್ಟ್‌ನ ಎರಡು ತುದಿಯ ಬೇರಿಂಗ್‌ಗಳು, ಇನ್‌ಪುಟ್ ಶಾಫ್ಟ್‌ನ ಹಿಂಬದಿ ಗುಳಿಯಲ್ಲಿ ಕೂರುವ ಪಾಕೆಟ್ ನೀಡಲ್ ಬೇರಿಂಗ್ (ಡೈರೆಕ್ಟ್‌ನಲ್ಲಿ ಎರಡೂ ಶಾಫ್ಟ್ ಒಟ್ಟಿಗೆ ಸುತ್ತುವುದರಿಂದ ಇದಕ್ಕೆ ಕೆಲಸವೇ ಇರುವುದಿಲ್ಲ), ಮತ್ತು ಇನ್‌ಪುಟ್-ಲೇಶಾಫ್ಟ್ ನಡುವಿನ ಕಾನ್‌ಸ್ಟಂಟ್ ಮೆಶ್ ಜೋಡಿ (ಸದಾ ಕೂಡಿಕೊಂಡೇ ಸುತ್ತುವ ಎರಡು ಗೇರ್).

ಕ್ಲಚ್ ಪರೀಕ್ಷೆಯನ್ನು ಇನ್ನೊಮ್ಮೆ ನಿಧಾನವಾಗಿ ಮಾಡಿ. ಪೆಡಲ್ ಮೇಲೆ ಬರೀ ಪಾದದ ಭಾರ ಇಡಿ, ಕ್ಲಚ್ ಬಿಡುಗಡೆಯಾಗಬಾರದು. ಅಷ್ಟಕ್ಕೇ ಸದ್ದು ನಿಂತರೆ ಅದು ಸಡಿಲವಾಗಿ ಸುತ್ತುತ್ತಿರುವ ರಿಲೀಸ್ ಬೇರಿಂಗ್ (ಪೆಡಲ್ ತುಳಿದಾಗ ಕ್ಲಚ್ ಬಿಡಿಸುವ ಬೇರಿಂಗ್). ಪೂರ್ತಿ ತುಳಿದು ಇನ್‌ಪುಟ್ ಶಾಫ್ಟ್ ನಿಂತ ಮೇಲಷ್ಟೇ ಸದ್ದು ಹೋದರೆ ಬಾಕ್ಸ್ ಒಳಗಿನದು. ತುಳಿದಾಗಲೇ ಹೊಸ ಸದ್ದು ಹುಟ್ಟಿದರೆ ರಿಲೀಸ್ ಬೇರಿಂಗ್ ಅಥವಾ ಫ್ಲೈವೀಲ್ ಮಧ್ಯದ ಪೈಲಟ್ ಬೇರಿಂಗ್. ಇನ್ನೊಂದು: ಡೀಸೆಲ್‌ಗಳು ಐಡ್ಲಿಂಗ್‌ನಲ್ಲಿ ಇಂಜಿನ್ ಅದುರಾಟಕ್ಕೆ ಗೇರ್ ಹಲ್ಲುಗಳನ್ನು ಕಟಕಟ ಬಡಿಸುತ್ತವೆ. 1,200ಕ್ಕೆ ಏರಿಸಿದಾಗ ಅದು ನಿಂತುಹೋಗುತ್ತದೆ. ಬೇರಿಂಗ್ ಗರಗರ ಹಾಗಲ್ಲ, ಆರ್‌ಪಿಎಂ ಜೊತೆ ಬೆಳೆಯುತ್ತದೆ.

ನಿಮ್ಮಲ್ಲಿ ಎರಡು ಬಗೆಯ ಸದ್ದಿದೆ, ಗಮನಿಸಿ: ಗರಗರ ಮತ್ತು ಕುಂಯ್. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಇಂಜಿನ್ 2,400 ಆರ್‌ಪಿಎಂ ಅಂದರೆ ಇನ್‌ಪುಟ್ ಶಾಫ್ಟ್ ಸೆಕೆಂಡಿಗೆ 40 ಸುತ್ತು. ಇನ್‌ಪುಟ್ ಗೇರಿಗೆ 20 ಹಲ್ಲಿದ್ದರೆ ಸೆಕೆಂಡಿಗೆ 800 ಹಲ್ಲು ಕೂಡುತ್ತವೆ, 800 ಹರ್ಟ್ಜ್ ಕೂಗು. ಲೇಶಾಫ್ಟ್ ಕಡೆ 32 ಹಲ್ಲಿದ್ದರೆ ಲೇಶಾಫ್ಟ್ 25 ಸುತ್ತು. ಅದರ ಮೇಲಿನ 3ನೇ ಗೇರಿಗೆ 25 ಹಲ್ಲಿದ್ದರೆ ಅದರ ಕೂಗು 625 ಹರ್ಟ್ಜ್. ಬೇರಿಂಗ್ ಲೆಕ್ಕ ಬೇರೆ. ಲೇಶಾಫ್ಟ್‌ನ 8 ಗುಂಡಿನ ಬೇರಿಂಗ್‌ನ ಹೊರ ರೇಸ್ (ಗುಂಡುಗಳು ಓಡುವ ಉಂಗುರ) ಒಂದು ಕಡೆ ಕಿತ್ತಿದ್ದರೆ ಶಾಫ್ಟ್‌ನ ಒಂದು ಸುತ್ತಿಗೆ ಸುಮಾರು 3 ಬಡಿತ, ಅಂದರೆ ಅದೇ ವೇಗದಲ್ಲಿ 75 ಹರ್ಟ್ಜ್ ಆಸುಪಾಸು. ಅದು ಗೊರಗೊರ, ಕೂಗಲ್ಲ. ಫೋನಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ಹಾಕಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, 2,400ರಲ್ಲಿ 2, 3, 5ನೇ ಗೇರ್ ಮೂರರಲ್ಲೂ ಎತ್ತರದ ಗೆರೆ ಎಲ್ಲಿದೆ ನೋಡಿ. ಮೂರರಲ್ಲೂ ಒಂದೇ ಜಾಗದಲ್ಲಿದ್ದರೆ ಕಾನ್‌ಸ್ಟಂಟ್ ಮೆಶ್ ಜೋಡಿ ಕೂಗುತ್ತಿದೆ. ಗೇರಿಗೆ ತಕ್ಕಂತೆ ಗೆರೆ ಜರುಗಿದರೆ ಆಯಾ ಗೇರಿನ ಜೋಡಿ.

ಹಲ್ಲು ಕೂಗಿದರೂ ತಪ್ಪು ಹಲ್ಲಿನದ್ದೇ ಆಗಿರಬೇಕಿಲ್ಲ. ಬೇರಿಂಗ್ ಸವೆದು ಪ್ಲೇ ಬಂದರೆ ಲೋಡ್ ಬಿದ್ದಾಗ ಎರಡು ಶಾಫ್ಟ್ ಒಂದನ್ನೊಂದು ದೂರ ತಳ್ಳುತ್ತವೆ, ಹಲ್ಲುಗಳು ಸರಿಯಾದ ಆಳಕ್ಕೆ ಕೂರುವುದಿಲ್ಲ, ಆಗ ಕೂಗು ಶುರು. ನ್ಯೂಟ್ರಲ್‌ನಲ್ಲಿ ಗರಗರ, ಲೋಡಲ್ಲಿ ಕುಂಯ್: ಎರಡೂ ಒಂದೇ ಬೇರಿಂಗ್‌ನ ಕೆಲಸ ಇರಬಹುದು. ನನ್ನ ಅಂದಾಜು ಲೇಶಾಫ್ಟ್ ಅಥವಾ ಇನ್‌ಪುಟ್ ಬೇರಿಂಗ್.

ಎಣ್ಣೆಕೈ:

ಸ್ಪೆಕ್ಟ್ರಮ್ ಎಲ್ಲ ಆಮೇಲೆ ನೋಡಿ ಸರ್, ಮೊದಲು ಆಯಿಲ್ ನೋಡಿ. ಅರ್ಧ ಗಂಟೆ ಕೆಲಸ, ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಗಾಡಿ ಬಿಸಿಯಾಗೋ ಹಾಗೆ ಓಡಿಸಿ, ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಎತ್ತಬೇಕಾದರೆ ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು ಮಟ್ಟವಾಗಿ ಎತ್ತಿ. ಜಾಕ್ ಮೇಲೆ ಮಾತ್ರ ನಿಂತಿರೋ ಗಾಡಿ ಕೆಳಗೆ ಹೋಗಲೇಬೇಡಿ. ಮೇಲಿನ ಫಿಲ್ಲರ್ ಪ್ಲಗ್ ಮೊದಲು ಬಿಚ್ಚಿ. ಡ್ರೈನ್ ಮೊದಲು ಬಿಚ್ಚಿ, ಆಯಿಲ್ ಎಲ್ಲ ಇಳಿಸಿ, ಆಮೇಲೆ ಫಿಲ್ಲರ್ ತುಕ್ಕು ಹಿಡಿದು ಬರಲ್ಲ ಅಂದರೆ ಗಾಡಿ ಅಲ್ಲೇ ಕೂತುಬಿಡುತ್ತೆ.

ಫಿಲ್ಲರ್ ತೂತಿಗೆ ಬೆರಳು ಹಾಕಿ. ತೂತಿನ ಕೆಳಗಿನ ಅಂಚಿಗೆ ಆಯಿಲ್ ತಾಕಬೇಕು. ಒಂದು ಗೆಣ್ಣು ಬಗ್ಗಿಸಿದರೂ ಸಿಗಲಿಲ್ಲ ಅಂದರೆ ಚೆನ್ನಾಗೇ ಕಮ್ಮಿ ಇದೆ ಅಂತ. ಈ ಬಾಕ್ಸ್‌ಗಳಲ್ಲಿ ಹೆಚ್ಚಿನವಕ್ಕೆ ಪಂಪ್ ಇರಲ್ಲ, ಲೇಶಾಫ್ಟ್ ಎರಚಿದ ಆಯಿಲ್ಲೇ ಗತಿ. ಮಟ್ಟ ಇಳಿದರೆ ಮೇಲಿರೋ ಇನ್‌ಪುಟ್ ಬೇರಿಂಗ್, ಪಾಕೆಟ್ ಬೇರಿಂಗ್ ಮೊದಲು ಒಣಗುತ್ತೆ. 

ಇಳಿಸಿದ ಆಯಿಲನ್ನ ಅಳತೆ ಪಾತ್ರೆಗೆ ಹಿಡಿಯಿರಿ. ಇಂಥ ಬಾಕ್ಸ್ ಸಾಮಾನ್ಯವಾಗಿ 1.5ರಿಂದ 2.5 ಲೀಟರ್ ಹಿಡಿಯುತ್ತೆ, ನಿಮ್ಮದರ ಸರಿಯಾದ ಅಳತೆ ಮ್ಯಾನುಯಲ್‌ನಲ್ಲಿರುತ್ತೆ. ಎಷ್ಟು ಕಮ್ಮಿ ಬಂತು ಅನ್ನೋದು ಮುಖ್ಯ. ಡ್ರೈನ್ ಪ್ಲಗ್ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪು ಪೇಸ್ಟ್ ಇದ್ದರೆ ಅದು ಮಾಮೂಲಿ ಸವೆತ. ಸೂಜಿ ಥರ ಚೂರು, ತೆಳು ಸಿಪ್ಪೆ ಬಂದರೆ ಬೇರಿಂಗ್ ರೇಸ್ ಅಥವಾ ಹಲ್ಲಿನ ಮೇಲ್ಮೈ ಏಳ್ತಿದೆ. ಬಂಗಾರದ ಬಣ್ಣದ ಮಿನುಗು ಆಯಿಲ್‌ನಲ್ಲಿ ತೇಲಿದರೆ, ಮ್ಯಾಗ್ನೆಟ್‌ಗೆ ಅಂಟದಿದ್ದರೆ, ಸಿಂಕ್ರೊ ರಿಂಗ್ (ಗೇರ್ ಕೂಡೋ ಮೊದಲು ಉಜ್ಜಿ ವೇಗ ಸಮ ಮಾಡೋ ಉಂಗುರ) ಹಿತ್ತಾಳೆ. ಹಾಲಿನ ಬಣ್ಣ ಇದ್ದರೆ ನೀರು ಸೇರಿದೆ.

ಜಿಎಲ್-5 ವಿಷಯ: ಅದು ಹೈಪಾಯಿಡ್ ಡಿಫರೆನ್ಷಿಯಲ್‌ಗೆ ಅಂತ ಗಂಧಕ-ರಂಜಕದ ಸೇರ್ಪಡೆ ಜಾಸ್ತಿ ಹಾಕಿದ ಆಯಿಲ್. ಹಿತ್ತಾಳೆ ಸಿಂಕ್ರೊ ಇರೋ ಬಾಕ್ಸ್‌ಗೆ ಮ್ಯಾನುಯಲ್ ಜಿಎಲ್-4 ಅಂದರೆ ಜಿಎಲ್-4ನ್ನೇ ಹಾಕಬೇಕು. ಜಿಎಲ್-5 ಹಿತ್ತಾಳೆಯನ್ನ ನಿಧಾನಕ್ಕೆ ತಿನ್ನಬಹುದು, ಜಾರಿಕೆ ಜಾಸ್ತಿ ಆಗಿ ಸಿಂಕ್ರೊ ಹಿಡಿತವೂ ಕಮ್ಮಿ ಆಗುತ್ತೆ. ನಿಮ್ಮ 2ನೇ ಗೇರ್ ಗಟ್ಟಿತನಕ್ಕೆ ಅದೂ ಕಾರಣ ಇರಬಹುದು. ಆದರೆ ಕೂಗಿಗೆ ಜಿಎಲ್-5 ಕಾರಣ ಅಲ್ಲ, ಅದನ್ನ ಇದರ ತಲೆಗೆ ಕಟ್ಟಬೇಡಿ. ಕೆಲವು ಬಾಕ್ಸ್‌ಗೆ ಇಂಜಿನ್ ಆಯಿಲ್, ಕೆಲವಕ್ಕೆ ಎಟಿಎಫ್ (ಆಟೋಮ್ಯಾಟಿಕ್ ಗೇರ್ ಬಾಕ್ಸ್ ಆಯಿಲ್) ಕೂಡ ಹೇಳಿರ್ತಾರೆ. ಊಹೆ ಮೇಲೆ ಹಾಕೋ ವಸ್ತು ಅಲ್ಲ ಇದು.

140 ಹಾಕಿದರೆ ಸದ್ದು ಕಮ್ಮಿ ಆಗೋದು ನಿಜ. ದಪ್ಪ ಪದರ ಸದ್ದನ್ನ ಮುಚ್ಚುತ್ತೆ ಅಷ್ಟೇ, ಬೇರಿಂಗ್ ಕಿತ್ತುಹೋಗೋದು ನಿಲ್ಲಲ್ಲ. ತಣ್ಣಗಿರುವಾಗ ಗೇರ್ ಇನ್ನೂ ಗಟ್ಟಿ, ಸಿಂಕ್ರೊಗೆ ಇನ್ನೂ ಕಷ್ಟ. ಗಾಡಿ ಮಾರೋರಿಗೆ ಒಳ್ಳೇದು, ಇಟ್ಟುಕೊಳ್ಳೋರಿಗೆ ಅಲ್ಲ. ಮಾಲಿಬ್ಡಿನಮ್ ಸೇರ್ಪಡೆ ಕೂಡ ಬೇಡ, ಸಿಂಕ್ರೊಗೆ ಘರ್ಷಣೆ ಬೇಕು.

ಹಳೇಜೀಪು:

ಇಬ್ಬರಿಗೂ ಧನ್ಯವಾದ. ನೋಡಿದ್ದು ಇಷ್ಟು:

ಮ್ಯಾನುಯಲ್ ಪ್ರಕಾರ 2 ಲೀಟರ್, ಜಿಎಲ್-4. ಇಳಿದದ್ದು 1.3 ಲೀಟರ್. ಬಣ್ಣ ಕಡು, ಹಾಲಿನ ಹಾಗಿಲ್ಲ. ಮ್ಯಾಗ್ನೆಟ್ ಮೇಲೆ ದಪ್ಪ ಬೂದು ಪೇಸ್ಟ್, ಜೊತೆಗೆ ಉಗುರಿನ ತುದಿಯಷ್ಟು ತೆಳು ಸಿಪ್ಪೆಗಳು. ಬಂಗಾರದ ಬಣ್ಣದ ಮಿನುಗು ತೀರಾ ಸ್ವಲ್ಪ. ಹಿಂದಿನ ಔಟ್‌ಪುಟ್ ಸೀಲ್ ಸುತ್ತ ಒದ್ದೆ, ಅಲ್ಲಿ ಮಣ್ಣು ಗಟ್ಟಿಯಾಗಿ ಅಂಟಿದೆ.

ಜಿಎಲ್-4 75ಡಬ್ಲ್ಯೂ-90 ತುಂಬಿದ ಮೇಲೆ 2ನೇ ಗೇರ್ ಸಲೀಸಾಗಿದೆ. ಕೂಗು ಸ್ವಲ್ಪ ತಗ್ಗಿದೆ, ಹೋಗಿಲ್ಲ. ಪಾದದ ಭಾರಕ್ಕೆ ಸದ್ದು ಬದಲಾಗುವುದಿಲ್ಲ, ಪೂರ್ತಿ ತುಳಿದಾಗಲೇ ನಿಲ್ಲುವುದು. ಆ್ಯಪ್‌ನಲ್ಲಿ 2, 3, 5 ಮೂರರಲ್ಲೂ ಅದೇ ಆರ್‌ಪಿಎಂಗೆ ದೊಡ್ಡ ಗೆರೆ ಒಂದೇ ಕಡೆ ಇದೆ. 3ರಲ್ಲಿ ಮಾತ್ರ ಅದರ ಪಕ್ಕ ಇನ್ನೊಂದು ಸಣ್ಣ ಗೆರೆ.

ಲೇಶಾಫ್ಟ್:

ಸರಿಹೋಯಿತು. ಇನ್‌ಪುಟ್-ಲೇಶಾಫ್ಟ್ ಜೋಡಿ ದೂರ ಸರಿದು ಕೂಗುತ್ತಿದೆ, ಸಿಪ್ಪೆ ಬಂದಿರುವುದರಿಂದ ಬೇರಿಂಗ್ ಮೇಲ್ಮೈ ಏಳಲು ಶುರುವಾಗಿದೆ. 3ರ ಸಣ್ಣ ಗೆರೆಯನ್ನು ಬಿಚ್ಚಿದಾಗ ನೋಡಿ, ಆ ಗೇರಿನ ಹಲ್ಲು ಕೂಡ ಪರೀಕ್ಷಿಸಬೇಕು.

ಯಾವ ತುದಿ ಅಂತ ತಿಳಿಯಲು ಸ್ಟೆತಸ್ಕೋಪ್ ಅಥವಾ ಉದ್ದ ಸ್ಕ್ರೂಡ್ರೈವರ್ ಹಿಡಿಕೆಯನ್ನು ಕಿವಿಗೆ ಆನಿಸಿ, ನ್ಯೂಟ್ರಲ್‌ನಲ್ಲಿ 1,500 ಇಟ್ಟು ಕೇಸಿನ ಮುಂಭಾಗ ಮೇಲೆ, ಮುಂಭಾಗ ಕೆಳಗೆ, ಹಿಂಭಾಗ ಕೆಳಗೆ ಹೀಗೆ ಮುಟ್ಟಿ ಕೇಳಬಹುದು. ಆದರೆ ಹೇಗೂ ಬಾಕ್ಸ್ ಇಳಿಯಲೇಬೇಕಾಗಿರುವುದರಿಂದ ಅದು ಕುತೂಹಲಕ್ಕೆ ಅಷ್ಟೇ.

ಓಡಿಸುವ ಪ್ರಶ್ನೆಗೆ: ಬರೀ ಕೂಗು ಇದ್ದು ಮ್ಯಾಗ್ನೆಟ್ ಮೇಲೆ ಪೇಸ್ಟ್ ಮಾತ್ರ ಇದ್ದರೆ ಆಯಿಲ್ ಮಟ್ಟ ನೋಡಿಕೊಂಡು ಓಡಿಸಬಹುದಿತ್ತು. ಸಿಪ್ಪೆ ಬಂದ ಮೇಲೆ ಬೇಡ. ಆ ಚೂರುಗಳು ಮಿಕ್ಕ ಬೇರಿಂಗ್‌ಗಳಿಗೂ ಹೋಗುತ್ತವೆ. ಗುಂಡುಗಳನ್ನು ಹಿಡಿದಿಡುವ ಕೇಜ್ ಮುರಿದರೆ ಲೇಶಾಫ್ಟ್ ಜಗ್ಗಿ ಕೇಸ್ ಒಡೆಯಬಹುದು, ಬಾಕ್ಸ್ ಜಾಮ್ ಆದರೆ ಹಿಂದಿನ ಚಕ್ರಗಳೂ ಲಾಕ್ ಆಗುತ್ತವೆ. ಎಳೆಸಿಕೊಂಡು ಹೋಗುವುದಾದರೆ ಹಿಂದಿನ ಚಕ್ರ ಎತ್ತಿ, ಇಲ್ಲವೇ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ. ಇಂಜಿನ್ ನಿಂತು ಚಕ್ರ ತಿರುಗಿದರೆ ಲೇಶಾಫ್ಟ್ ಸುತ್ತುವುದಿಲ್ಲ, ಆಯಿಲ್ ಎರಚುವವರಿಲ್ಲ, ಮೇನ್ ಶಾಫ್ಟ್ ಒಣಗಿ ಸುತ್ತುತ್ತದೆ.

ಸರ್‌ಕ್ಲಿಪ್:

ಇಳಿಸುವ ಕೆಲಸಕ್ಕೆ ಕೆಲವು ಮಾತು. ಎಲ್ಲ ಹೆಜ್ಜೆ ಬರೆಯುವುದಿಲ್ಲ, ಮ್ಯಾನುಯಲ್‌ನಲ್ಲಿದೆ. ಕೆಡುವ ಜಾಗಗಳನ್ನು ಮಾತ್ರ ಹೇಳುತ್ತೇನೆ.

ಪ್ರೊಪೆಲ್ಲರ್ ಶಾಫ್ಟ್ ಫ್ಲಾಂಜ್‌ಗಳಿಗೆ ಗುರುತು ಹಾಕಿ ಬಿಚ್ಚಿ, ಅದೇ ಜಾಗಕ್ಕೆ ಕೂರಿಸಿ. ಬಾಕ್ಸ್ ಇಳಿಸುವಾಗ, ಏರಿಸುವಾಗ ಅದರ ಭಾರ ಕ್ಲಚ್ ಪ್ಲೇಟ್ ಒಳಗಿನ ಇನ್‌ಪುಟ್ ಶಾಫ್ಟ್ ಮೇಲೆ ಜೋತುಬೀಳಬಾರದು. ಪ್ಲೇಟ್ ಹಬ್ ಬಾಗುತ್ತದೆ. ಬೆಲ್ ಹೌಸಿಂಗ್ (ಕ್ಲಚ್ ಸುತ್ತಲಿನ ಕವಚ) ಸರಿಯಾದ ಜಾಗದಲ್ಲಿ ಕೂರಿಸುವ ಡೋವೆಲ್ ಪಿನ್‌ಗಳು ಇವೆಯೇ ನೋಡಿ. ಹಿಂದೆ ಯಾರೋ ಬಿಚ್ಚಿದ ಬಾಕ್ಸ್‌ಗಳಲ್ಲಿ ಇವು ಕಾಣೆಯಾಗಿರುವುದು ಮಾಮೂಲು. ಡೋವೆಲ್ ಇಲ್ಲದೆ ಬರೀ ಬೋಲ್ಟ್ ಮೇಲೆ ಕೂತ ಬಾಕ್ಸ್ ಇಂಜಿನ್ ಮಧ್ಯಕ್ಕೆ ಸರಿಯಾಗಿ ಬರುವುದಿಲ್ಲ, ಪ್ರತಿ ಸುತ್ತಿಗೂ ಇನ್‌ಪುಟ್ ಬೇರಿಂಗ್ ಬಾಗಿಸಿಕೊಂಡು ಓಡುತ್ತದೆ. ಹೊಸ ಬೇರಿಂಗ್ ಹಾಕಿದರೂ ಬೇಗ ಹೋಗುತ್ತದೆ.

ಇಳಿದ ಮೇಲೆ ಇನ್‌ಪುಟ್ ಶಾಫ್ಟ್ ತುದಿ ಹಿಡಿದು ಅಲ್ಲಾಡಿಸಿದರೆ ಸ್ವಲ್ಪ ಆಡುತ್ತದೆ, ಗಾಬರಿ ಬೇಡ. ಗಾಡಿಯಲ್ಲಿ ಆ ತುದಿಗೆ ಪೈಲಟ್ ಬೇರಿಂಗ್ ಆಧಾರ ಇರುತ್ತದೆ. ಹಿಂದೆಮುಂದೆ ಎಳೆದಾಗ ಆಡಿದರೆ ಮಾತ್ರ ಬೇರಿಂಗ್ ಕಡೆ ಬೆರಳು ತೋರಿಸಿ.

ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎರಡು ಹನಿ ಆಯಿಲ್ ಬಿಟ್ಟು ಕೈಯಲ್ಲಿ ನಿಧಾನ ಸುತ್ತಿ ನೋಡಿ. ಒಣ ಬೇರಿಂಗ್ ಹೊಸದಾದರೂ ಸದ್ದು ಮಾಡುತ್ತದೆ. ಏರ್ ಗನ್ ಗಾಳಿ ಹಿಡಿದು ಸುತ್ತಿಸಬೇಡಿ, ಅಪಾಯ.

ಹೊಸದು ತರುವಾಗ ರೇಸ್ ಮೇಲಿನ ನಂಬರನ್ನು ಬಾಲದ ಸಮೇತ ಬರೆದುಕೊಳ್ಳಿ. ಉದಾಹರಣೆಗೆ 6306 ಅಂದರೆ ಒಳ ಅಳತೆ 30, ಹೊರ ಅಳತೆ 72, ದಪ್ಪ 19 ಮಿ.ಮೀ. 6306 ಎನ್‌ಆರ್ ಅಂದರೆ ಹೊರ ರೇಸ್‌ನಲ್ಲಿ ತೋಡು ಮತ್ತು ಸ್ನ್ಯಾಪ್ ರಿಂಗ್ ಇರುವುದು. ರಿಂಗ್ ಇಲ್ಲದ್ದನ್ನು ತಂದರೆ ಶಾಫ್ಟ್ ನಿಲ್ಲುವ ಜಾಗವೇ ತಪ್ಪುತ್ತದೆ. ಸಿ3 ಅಂತ ಇದ್ದರೆ ಸಿ3ಯನ್ನೇ ತನ್ನಿ, ಅದು ಒಳಗಿನ ಸಡಿಲದ ಗುರುತು. ರಬ್ಬರ್ ಸೀಲ್ ಇರುವುದು ಬೇಡ, ಆಯಿಲ್ ಒಳಗೆ ಹೋಗಬೇಕು. ಹಳೆಯದರ ಗುಂಡುಗಳನ್ನೂ ಎಣಿಸಿ. ಕೆಲವು ಬಾಕ್ಸ್‌ಗಳಲ್ಲಿ ಹೆಚ್ಚು ಗುಂಡು ತುಂಬಿದ ಬೇರಿಂಗ್ ಇರುತ್ತದೆ. ಅದೇ ಅಳತೆಯ ಮಾಮೂಲಿ ಬೇರಿಂಗ್ ಕೂರುತ್ತದೆ, ಆದರೆ ಅಷ್ಟು ಭಾರ ತಾಳುವುದಿಲ್ಲ.

ಒಂದೇ ಬೇರಿಂಗ್ ಬದಲಿಸಿ ಮುಚ್ಚಬೇಡಿ. ಇನ್‌ಪುಟ್, ಪಾಕೆಟ್ ನೀಡಲ್, ಲೇಶಾಫ್ಟ್ ಎರಡು, ಮೇನ್ ಶಾಫ್ಟ್ ಹಿಂಬದಿಯದು, ಎಲ್ಲ ಆಯಿಲ್ ಸೀಲ್, ಪ್ಯಾಕಿಂಗ್, ಬಿಚ್ಚಿದ ಸರ್‌ಕ್ಲಿಪ್‌ಗಳು ಹೊಸವು. ಬಾಕ್ಸ್ ಕೆಳಗಿರುವಾಗಲೇ ಪೈಲಟ್ ಮತ್ತು ರಿಲೀಸ್ ಬೇರಿಂಗ್ ಕೂಡ. ಸಿಂಕ್ರೊ ರಿಂಗನ್ನು ಗೇರ್ ಕೋನ್ ಮೇಲೆ ಒತ್ತಿ ಹಿಡಿದು ನಡುವಿನ ಸಂದನ್ನು ಫೀಲರ್ ಗೇಜ್‌ನಲ್ಲಿ ಅಳೆದು, ಮ್ಯಾನುಯಲ್ ಮಿತಿಗಿಂತ ಕಡಿಮೆ ಇದ್ದರೆ ಬದಲಿಸಿ.

ಕೂರಿಸುವಾಗ ಬಿಗಿಯಾಗಿ ಕೂರುವ ರೇಸನ್ನೇ ಒತ್ತಬೇಕು. ಶಾಫ್ಟ್ ಮೇಲೆ ಏರಿಸುವಾಗ ಒಳ ರೇಸ್, ಕೇಸಿಗೆ ಇಳಿಸುವಾಗ ಹೊರ ರೇಸ್. ಹೊರ ರೇಸ್ ಬಡಿದು ಶಾಫ್ಟ್‌ಗೆ ಏರಿಸಿದರೆ ಗುಂಡುಗಳು ರೇಸ್‌ನಲ್ಲಿ ಗುಳಿ ಒತ್ತುತ್ತವೆ, ಮೊದಲ ದಿನವೇ ಗರಗರ. ಬೇರಿಂಗನ್ನು 80–100 ಡಿಗ್ರಿಗೆ ಬಿಸಿ ಮಾಡಿದರೆ ತಾನೇ ಜಾರಿ ಕೂರುತ್ತದೆ. 120 ದಾಟಿಸಬೇಡಿ, ನೇರ ಬೆಂಕಿ ಹಿಡಿಯಬೇಡಿ.

ಟೇಪರ್ ಬೇರಿಂಗ್ ಇರುವ ಬಾಕ್ಸ್ ಆದರೆ ಹೊಸ ಬೇರಿಂಗ್‌ಗೆ ಹಳೇ ಶಿಮ್ (ಸಂದು ಹೊಂದಿಸುವ ತೆಳು ತಗಡು) ಹಾಕಿ ಮುಚ್ಚುವಂತಿಲ್ಲ. ಡಯಲ್ ಗೇಜ್ ಇಟ್ಟು ಎಂಡ್ ಪ್ಲೇ (ಶಾಫ್ಟ್ ಹಿಂದೆಮುಂದೆ ಆಡುವ ಅಳತೆ) ಅಳೆದು, ಮ್ಯಾನುಯಲ್ ಹೇಳಿದಷ್ಟಕ್ಕೆ ಶಿಮ್ ಆರಿಸಬೇಕು. ಇನ್ನೂ ಹಳೇ ಬಾಕ್ಸ್ ಆಗಿ ಲೇಶಾಫ್ಟ್ ಒಂದು ನಿಂತ ಪಿನ್ ಮೇಲೆ ಬಿಡಿ ನೀಡಲ್‌ಗಳಲ್ಲಿ ಸುತ್ತುವ ಬಗೆಯಾದರೆ ನೀಡಲ್ ಎಣಿಸಿ ತೆಗೆಯಿರಿ, ಗ್ರೀಸ್ ಹಚ್ಚಿ ಅಷ್ಟೇ ಸಂಖ್ಯೆ ಕೂರಿಸಿ. ಪಿನ್ ಮೇಲೆ ಉಗುರಿಗೆ ಸಿಗುವ ಗೆರೆ ಇದ್ದರೆ ಪಿನ್ ಕೂಡ ಹೊಸದು.

ಕೇಸಿನ ಬೋರ್ ನೋಡಲು ಮರೆಯಬೇಡಿ. ಹೊರ ರೇಸ್ ಕೇಸಿನಲ್ಲೇ ಸುತ್ತಿದ್ದರೆ ಬೋರ್ ಹೊಳಪಾಗಿ ಸವೆದಿರುತ್ತದೆ. 0.05 ಮಿ.ಮೀ. ಒಳಗಿನ ಸಡಿಲಕ್ಕೆ ಬೇರಿಂಗ್ ಕೂರಿಸುವ ರಿಟೇನಿಂಗ್ ಅಂಟು ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಲೇತ್‌ನಲ್ಲಿ ಬೋರ್ ದೊಡ್ಡದು ಮಾಡಿ ಸ್ಲೀವ್ ಹಾಕಿಸಬೇಕು.

ಎಣ್ಣೆಕೈ:

ಇದಕ್ಕೆ ಒಂದು ಸೇರಿಸ್ತೀನಿ. 700 ಮಿ.ಲೀ. ಆಯಿಲ್ ಎಲ್ಲಿಂದ ಹೋಯ್ತು ಅನ್ನೋದಕ್ಕೆ ಬರೀ ಸೀಲ್ ಬದಲಿಸಿದರೆ ಸಾಲದು. ಬಾಕ್ಸ್ ಮೇಲಿನ ಬ್ರೀದರ್ (ಗಾಳಿ ಕಿಂಡಿ) ಬಿಚ್ಚಿ ಊದಿ ನೋಡಿ. ಮಣ್ಣು ಕಟ್ಟಿಕೊಂಡಿದ್ದರೆ ಬಿಸಿಗೆ ಒಳಗೆ ಒತ್ತಡ ಏರಿ ಸೀಲ್ ತುಟಿಯಿಂದ ಆಯಿಲ್ ತಳ್ಳುತ್ತೆ. ಹಿಂದಿನ ಎಕ್ಸ್‌ಟೆನ್ಷನ್ ಒಳಗಿನ ಬುಷ್ ಸವೆದಿದ್ದರೆ ಅದರೊಳಗೆ ಕೂರೋ ಪ್ರೊಪೆಲ್ಲರ್ ಶಾಫ್ಟ್ ತುದಿ (ಸ್ಲೈಡಿಂಗ್ ಯೋಕ್) ಮೇಲೆಕೆಳಗೆ ಆಡಿ ಹೊಸ ಸೀಲನ್ನೂ ತಿನ್ನುತ್ತೆ. ಯೋಕ್ ಮೇಲೆ ಸೀಲ್ ಕೂತ ಜಾಗದಲ್ಲಿ ಗೆರೆ ಬಿದ್ದಿದೆಯಾ ಅಂತಲೂ ನೋಡಿ.

ಸೆಕೆಂಡ್ ಹ್ಯಾಂಡ್ ಬಾಕ್ಸ್ ಹಾಕೋ ಯೋಚನೆ ಇದ್ದರೆ, ಅದೂ ಇಷ್ಟೇ ಹಳೇದು, ಅದರ ಆಯಿಲ್ ಚರಿತ್ರೆ ಯಾರಿಗೂ ಗೊತ್ತಿರಲ್ಲ. ಕೇಸ್ ಒಡೆದಿದ್ದರೆ, ಅಥವಾ ಹಲ್ಲು ಹೋಗಿ ಹೊಸ ಗೇರ್ ಸಿಗದಿದ್ದರೆ ಮಾತ್ರ ಆ ದಾರಿ. ಆಗಲೂ ಅದನ್ನ ಬಿಚ್ಚಿ ಬೇರಿಂಗ್ ಹಾಕಿಯೇ ಏರಿಸಿ.

ಹಳೇಜೀಪು:

ಬಿಚ್ಚಿ ಆಯ್ತು. ಲೇಶಾಫ್ಟ್ ಮುಂದಿನ ಬೇರಿಂಗ್‌ನ ಹೊರ ರೇಸ್‌ನಲ್ಲಿ ಕಿತ್ತಿದೆ, ಇನ್‌ಪುಟ್ ಬೇರಿಂಗ್ ಕೈಗೆ ಒರಟು. ಬೋರ್‌ಗಳು ಸರಿ ಇವೆ. ಒಂದು ಡೋವೆಲ್ ಇಲ್ಲ, ಬ್ರೀದರ್ ಪೂರ್ತಿ ಮುಚ್ಚಿದೆ. ಇನ್‌ಪುಟ್ ಗೇರ್ ಮತ್ತು ಅದರ ಜೋಡಿಯ ಹಲ್ಲಿನ ಮೇಲೆ ಹೊಳಪಿನ ಪಟ್ಟಿ ಒಂದು ತುದಿಗೆ ಸರಿದಿದೆ, ಮಂಜು ಹಿಡಿದಂಥ ಮಬ್ಬು ಇದೆ, ಉಗುರಿಗೆ ಏನೂ ಸಿಗುವುದಿಲ್ಲ. ಲೇಶಾಫ್ಟ್‌ನ 3ನೇ ಗೇರಿನ ಎರಡು ಹಲ್ಲಲ್ಲಿ ಮಾತ್ರ ಸಣ್ಣ ಗುಳಿಗಳು, ಉಗುರಿಗೆ ಸಿಗುತ್ತವೆ. ಗೇರ್ ಬದಲಿಸಲೇಬೇಕಾ?

ಸರ್‌ಕ್ಲಿಪ್:

ಇನ್‌ಪುಟ್ ಜೋಡಿಯನ್ನು ಉಳಿಸಿಕೊಳ್ಳಬಹುದು. ಮಬ್ಬು ಮಾತ್ರ ಇದ್ದರೆ ಹಲ್ಲಿನ ಆಕಾರ ಇನ್ನೂ ಕೆಟ್ಟಿಲ್ಲ ಅಂತ. ಆದರೆ ಒಂದು ತಿಳಿದಿರಲಿ: ತಪ್ಪು ಜಾಗದಲ್ಲಿ ಓಡಿ ಸವೆದ ಹಲ್ಲುಗಳನ್ನು ಹೊಸ ಬೇರಿಂಗ್ ಸರಿಯಾದ ಜಾಗಕ್ಕೆ ತರುತ್ತದೆ, ಆಗ ಅವು ಹೊಸದಾಗಿ ಹೊಂದಿಕೊಳ್ಳಬೇಕು. ಸಣ್ಣ ಕೂಗು ಉಳಿದರೂ ಉಳಿಯಬಹುದು. ಗರಗರ ಮಾತ್ರ ಪೂರ್ತಿ ಹೋಗಬೇಕು.

3ನೇ ಗೇರ್ ಕಥೆ ಬೇರೆ. ಉಗುರಿಗೆ ಸಿಗುವ ಗುಳಿ ಮುಚ್ಚುವುದಿಲ್ಲ, ಅಂಚಿನಿಂದ ಬೆಳೆಯುತ್ತಲೇ ಹೋಗುತ್ತದೆ. ನಿಮ್ಮ ಆ್ಯಪ್‌ನ ಸಣ್ಣ ಗೆರೆ ಅದೇ. ಹೆಚ್ಚಿನ ಬಾಕ್ಸ್‌ಗಳಲ್ಲಿ ಲೇಶಾಫ್ಟ್ ಗೇರ್‌ಗಳು ಒಂದೇ ತುಂಡು, ಆದ್ದರಿಂದ ಬದಲಿಸುವುದಾದರೆ ಇಡೀ ಕ್ಲಸ್ಟರ್, ಜೊತೆಗೆ ಅದಕ್ಕೆ ಜೋಡಿಯಾಗುವ ಮೇನ್ ಶಾಫ್ಟ್ 3ನೇ ಗೇರ್ ಮತ್ತು ಇನ್‌ಪುಟ್ ಶಾಫ್ಟ್. ಹೊಸ ಹಲ್ಲಿಗೆ ಹಳೇ ಹಲ್ಲು ಕೂಡಿಸಿದರೆ ಈಗಿನದಕ್ಕಿಂತ ಜೋರಾಗಿ ಕೂಗಬಹುದು. ಭಾರ ಹೊರುವ, ಏರು ಹತ್ತುವ ಗಾಡಿಯಾದರೆ ಈಗಲೇ ಸೆಟ್ ಹಾಕಿ. ಹಗುರ ಓಡಾಟವಾದರೆ ಬೇರಿಂಗ್ ಹಾಕಿ ಮುಚ್ಚಿ, 3ರಲ್ಲಿ ಕಡಿಮೆ ಆರ್‌ಪಿಎಂಗೆ ಪೂರ್ತಿ ಆಕ್ಸಿಲರೇಟರ್ ಒತ್ತುವ ಅಭ್ಯಾಸ ಬಿಡಿ.

ಕಾಣೆಯಾದ ಡೋವೆಲ್ ಹಾಕಿದ ಮೇಲೆ ಕ್ಲಚ್ ಏರಿಸುವ ಮೊದಲು ಫ್ಲೈವೀಲ್‌ಗೆ ಡಯಲ್ ಗೇಜ್ ಕಚ್ಚಿಸಿ ಬೆಲ್ ಹೌಸಿಂಗ್ ಬೋರ್ ಸುತ್ತಿಸಿ ನೋಡಿ. ಮ್ಯಾನುಯಲ್ ಬೇರೆ ಹೇಳದಿದ್ದರೆ ಗೇಜ್ ಮುಳ್ಳಿನ ಒಟ್ಟು ಓಡಾಟ ಸುಮಾರು 0.1 ಮಿ.ಮೀ. ಮೀರಬಾರದು. ಮುಚ್ಚುವಾಗ ಇನ್‌ಪುಟ್ ಸೀಲ್ ತುಟಿಗೆ ಗ್ರೀಸ್ ಸವರಿ, ಶಾಫ್ಟ್‌ನ ಸ್ಪ್ಲೈನ್ (ಉದ್ದುದ್ದ ಹಲ್ಲುಗಳು) ಮೇಲೆ ಟೇಪ್ ಸುತ್ತಿ ಕೂರಿಸಿ, ಇಲ್ಲದಿದ್ದರೆ ತುಟಿ ಹರಿದು ಆಯಿಲ್ ಕ್ಲಚ್ ಪ್ಲೇಟಿಗೆ ಬರುತ್ತದೆ. ಜಿಎಲ್-4 ತುಂಬಿ 500ರಿಂದ 1,000 ಕಿ.ಮೀ. ಓಡಿಸಿ, ಆ ಆಯಿಲ್ ಇಳಿಸಿ ಮ್ಯಾಗ್ನೆಟ್ ನೋಡಿ. ಬೂದು ಪೇಸ್ಟ್ ಬಂದರೆ ಹೊಸ ಆಯಿಲ್ ತುಂಬಿ ಓಡಿಸಿ. ಮತ್ತೆ ಸಿಪ್ಪೆ ಬಂದರೆ 3ನೇ ಗೇರ್‌ಗಾಗಿ ಮತ್ತೊಮ್ಮೆ ಇಳಿಸಬೇಕಾಗುತ್ತದೆ.